ವಿಶ್ವವಿದ್ಯಾನಿಲಯದ ವಿದ್ಯಾರ್ಥಿ ಸೈನ್ಯದಳ

ಶ್ರೀಮಠದ ಮಹೋತ್ಸವದ ನೆನಪಿಗಾಗಿ ಹೊರಡುತ್ತಿರುವ ಈ ಗ್ರಂಥದಲ್ಲಿ ಸೈನ್ಯದ ಮಾತೇಕೆ ಎಂದು ವಾಚಕ ಮಹಾಶಯರು ಕೇಳಬಹುದು. ಲಿಂಗಪೂಜೆ, ದಾಸೋಹ, ವಿದ್ಯಾದಾನಗಳ ವಿಷಯವನ್ನು ಬರೆಯಬಲ್ಲ ಸಮರ್ಥರು ಅನೇಕರಿರುವರು. ಆದರೆ ನಮ್ಮ ಮಠಗಳ ಉಚಿತ ಪ್ರಸಾದನಿಲಯಗಳಲ್ಲಿ ಉಂಡು ಕಾಲೇಜಿನ ಮೆಟ್ಟಲೇರಿದ ತರುಣರಲ್ಲಿ ಎಷ್ಟೋ ಜನರು ಬೆಳಗಿನ ಶಿವಪೂಜೆಯನ್ನು ತೀರಿಸಿಕೊಂಡು, ಎದೆಯ ಮೇಲಿನ ಇಷ್ಟಲಿಂಗವನ್ನು ಖಾಕಿ ಅಂಗಿಯೊಳಗೆ ಸರಿಪಡಿಸಿಕೊಂಡು, ಕವಾಯತಿನ ಬಯಲಿಗೆ ಓಡಿದವರೇ ಆಗಿದ್ದಾರೆ. ಅವರು ನಿಂತ ಆ ಸಾಲು ಸುಲಭವಾಗಿ ದೊರೆತುದಲ್ಲ. ಅದರ ಹಿಂದೆ ದೊಡ್ಡದೊಂದು ಅವಿಶ್ವಾಸದ ಕಥೆಯಿದೆ.

ಕಿತ್ತೂರಿನ ಕೋಟೆಯ ಮುಂದೆ 1824ನೆಯ ಇಸವಿಯ ಅಕ್ಟೋಬರ 23ರಂದು ಥ್ಯಾಕರೆ ಸಾಹೇಬನು ಬಿದ್ದುದನ್ನು ನಮ್ಮ ಪ್ರಾಂತದ ಮಕ್ಕಳೂ ಬಲ್ಲರು. ಅನಂತರ 1857ರಲ್ಲಿ ಜನರೆಲ್ಲರೂ ತಮ್ಮ ಆಯುಧಗಳನ್ನು ಸರಕಾರಕ್ಕೆ ಒಪ್ಪಿಸಬೇಕೆಂಬ ಕಾಯಿದೆಯು ಬಂದಾಗ, ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಅದನ್ನು ಒಪ್ಪದೆ ಸೆಣಸಿ ಮಡಿದರು. 1878ರ ಆಯುಧ ಕಾಯಿದೆಯಂತೂ ಯುರೋಪಿಯನ್ನರನ್ನೂ ಆಂಗ್ಲೋ ಇಂಡಿಯನ್ನರನ್ನೂ ಹೊರಗಿಟ್ಟು, ಈ ದೇಶದ ಮಕ್ಕಳಿಗೆ ಮಾತ್ರ ಪರವಾನಗಿಯ ಕಟ್ಟನ್ನು ಬಿಗಿಯಿತು. ಊರೂರಿನಲ್ಲಿ ಯುರೋಪಿಯನ್ನರ ಸ್ವಯಂಸೇವಕ ದಳಗಳಿದ್ದವು. ಅವುಗಳ ಬಾಗಿಲು ನಮ್ಮವರಿಗೆ ಮುಚ್ಚಿತ್ತು. ರಾಷ್ಟ್ರೀಯ ಸಭೆಯು 1886ರ ಕಲಕತ್ತೆಯ ಅಧಿವೇಶನದಲ್ಲಿಯೇ ಈ ಬಾಗಿಲನ್ನು ತೆರೆಯಬೇಕೆಂದು ಬೇಡಿತು. ಉತ್ತರವು ಬರಲಿಲ್ಲ.

ಬಾಗಿಲನ್ನು ತೆರೆಸಿದ್ದು ಬೇಡಿಕೆಯಲ್ಲ, ಮಹಾಯುದ್ಧದ ಇಕ್ಕಟ್ಟು. ಸೈನ್ಯದಲ್ಲಿ ಜನ ಸಾಲದೆ ಬಂದಾಗ, 1917ರಲ್ಲಿ ಹಿಂದುಸ್ಥಾನ ರಕ್ಷಣ ಪಡೆಯ ಕಾಯಿದೆಯಾಯಿತು. ಯುರೋಪಿಯನ್ನರಿಗೆ ಅದು ಕಡ್ಡಾಯವಾಗಿಯೂ ಹಿಂದೀಯರಿಗೆ ಐಚ್ಛಿಕವಾಗಿಯೂ ಇದ್ದಿತು. ಅದರ ಒಂದು ಶಾಖೆಯಾಗಿ ವಿಶ್ವವಿದ್ಯಾನಿಲಯಗಳ ವಿದ್ಯಾರ್ಥಿಗಳ ದಳವು ಹುಟ್ಟಿಕೊಂಡಿತು. ಕಲಕತ್ತೆಯ ವಿಶ್ವವಿದ್ಯಾನಿಲಯದಲ್ಲಿ ಏರ್ಪಟ್ಟ ಅಂಥ ದಳದಲ್ಲಿ ಸ್ಕಾಟಿಷ್ ಚರ್ಚ್ ಕಾಲೇಜಿನ ಒಬ್ಬ ವಿದ್ಯಾರ್ಥಿಯು ಹೆಸರು ಕೊಟ್ಟನು. ಪ್ರೊಫೆಸರ ಓಟನ್ನರ ಮೇಲಿನ ಹಲ್ಲೆಯ ಪ್ರಕರಣದಲ್ಲಿ 1916ರಲ್ಲಿ ಪ್ರೆಸಿಡೆನ್ಸಿ ಕಾಲೇಜಿನಿಂದ ಹೊರದೂಡಲ್ಪಟ್ಟಿದ್ದ, ದೃಷ್ಟಿಮಾಂದ್ಯದ ಕಾರಣದಿಂದ ಬಂಗಾಲಿ ಪಲ್ಟನ್ನಿನಲ್ಲಿ ತಿರಸ್ಕೃತನಾಗಿದ್ದ ಆ ತರುಣನೇ ಸುಭಾಷಚಂದ್ರ ಬೋಸನು.

ಈ ದಳದ ಒಳಬಾಳನ್ನು ತಿಳಿಯಲು ಬೋಸರು 1937ರಲ್ಲಿ ಆಸ್ಟ್ರಿಯಾ ದೇಶದಲ್ಲಿದ್ದಾಗ ಬರೆದ ಅಪೂರ್ಣ ಆತ್ಮಚರಿತ್ರೆಗಿಂತ ಒಳ್ಳೆಯ ಸಾಧನವು ನಮಗೆ ದೊರೆಯದು. ಫೋರ್ಟ್ ವಿಲಿಯಂ ಕೋಟೆಯ ಬಳಿಯ ಮೈದಾನದಲ್ಲಿ ಡೇರೆಗಳು. ಗ್ರೇ ಎಂಬ ಸ್ಕಾಟಿಷ್ ಕ್ಯಾಪ್ಟನ್ನನ ಒರಟು ದನಿ, ಒಳಗೆ ಮೃದುವಾದ ಮನಸ್ಸು. ಧೋತರವನ್ನು ಬಿಟ್ಟು ಸಮವಸ್ತ್ರವನ್ನು ತೊಟ್ಟ ಬಾಬುಗಳನ್ನು ಕಂಡು ಮೊದಮೊದಲು ನಕ್ಕ ಗೋರಾ ಶಿಕ್ಷಕರು. ನಾಲ್ಕು ತಿಂಗಳ ಶಿಬಿರದ ಬಾಳು, ಬಳಿಕ ಬೇಲ್‌ಘರಿಯಾದಲ್ಲಿ ಮೂರು ವಾರ ಗುರಿಯಿಡುವ ಅಭ್ಯಾಸ. ಕೊನೆಯ ಪಂದ್ಯದಲ್ಲಿ ವಿದ್ಯಾರ್ಥಿಗಳೇ ಶಿಕ್ಷಕರನ್ನು ಸೋಲಿಸಿಬಿಟ್ಟರಂತೆ. ಈ ಹುಡುಗರು ಹಿಂದೆಂದೂ ಬಂದೂಕವನ್ನು ಮುಟ್ಟಿದವರಲ್ಲವೆಂದರೆ ಆ ಶಿಕ್ಷಕರು ನಂಬಲೇ ಇಲ್ಲವಂತೆ!

ಆದರೆ ನನ್ನ ಮನಸ್ಸಿನಲ್ಲಿ ನಿಂತುಹೋದ ಸಂಗತಿಗಳು ಬೇರೆ ಎರಡು. ಬಂದೂಕುಗಳನ್ನು ತರಲು ಮೊದಲ ಸಲ ಕೋಟೆಯೊಳಗೆ ಸಾಲಾಗಿ ನಡೆದುಹೋದಾಗ, ತನ್ನದೇ ಆಗಿದ್ದು ಅನ್ಯಾಯದಿಂದ ಕೈತಪ್ಪಿದ್ದ ವಸ್ತುವನ್ನು ಮರಳಿ ಪಡೆದಂತಹ ತೃಪ್ತಿಯುಂಟಾಯಿತೆಂದು ಬೋಸರು ಹೇಳಿದ್ದಾರೆ. ಹಲಗಲಿಯ ಕಥೆಯನ್ನು ಬಲ್ಲ ನಮಗೆ ಈ ಮಾತಿನ ತೂಕವನ್ನು ವಿವರಿಸಬೇಕಾಗಿಲ್ಲ. ಎರಡನೆಯದು, ಅವರು ತಮ್ಮ ಶಿಕ್ಷಕನನ್ನು ಕೇಳಿದ ಪ್ರಶ್ನೆ: ಸಿಪಾಯಿಗಳೆಂದು ನೋಡಿದರೆ ನಾವು ಹೇಗಿದ್ದೇವೆ? ಕವಾಯತಿನಲ್ಲಿ ಚೆನ್ನಾಗಿಯೇ ಇದ್ದೀರಿ, ಕಾದಾಡುವ ಕಸುವು ಮಾತ್ರ ಯುದ್ಧದಲ್ಲಿಯೇ ತಿಳಿಯಬೇಕು ಎಂಬ ಅರ್ಥದ ಉತ್ತರವು ಬಂದಿತು. ಆ ಶಿಕ್ಷಕನು ಪ್ರಾಮಾಣಿಕನೆಂದೇ ಹೇಳಬೇಕು. ವಿದ್ಯಾರ್ಥಿ ದಳದ ಮುಂದಿನ ಮೂವತ್ತು ವರುಷಗಳ ಇತಿಹಾಸವೆಲ್ಲ ಆ ಉತ್ತರದಲ್ಲಿ ಅಡಗಿದೆ.

ಏಕೆಂದರೆ 1920ರ ಟೆರಿಟೋರಿಯಲ್ ಸೈನ್ಯದ ಕಾಯಿದೆಯ ಮೇರೆಗೆ ಈ ದಳಗಳು ಯೂನಿವರ್ಸಿಟಿ ಟ್ರೇನಿಂಗ್ ಕೋರ್ ಎಂಬ ಹೆಸರನ್ನು ತಳೆದಾಗ, ಅದರ ವಿದ್ಯಾರ್ಥಿಗಳಿಗೆ ಯುದ್ಧಸೇವೆಯ ಹೊಣೆಯನ್ನೇ ಇಡಲಿಲ್ಲ. ಉಡುಪು ಸೈನಿಕರದು, ನಡೆ ಸೈನಿಕರದು. ಹೊಣೆ ಮಾತ್ರ ಶೂನ್ಯ. ಯುರೋಪಿಯನ್ನರಿಗೂ ಆಂಗ್ಲೋ ಇಂಡಿಯನ್ನರಿಗೂ ಅದೇ ವರುಷ ಸಹಾಯಕ ಸೈನ್ಯವೆಂಬ ಪ್ರತ್ಯೇಕ ಪಡೆಯಾಯಿತು. ಒಂದೇ ಊರಿನಲ್ಲಿ ಎರಡು ಪಂಕ್ತಿ! ಈ ಭೇದದ ವಿಷಯವಾಗಿ ಕೂಗೆದ್ದುದರಿಂದ ಜನರಲ್ ಶೇ ಎಂಬವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿಯು ಕುಳಿತು, 1925ರಲ್ಲಿ ವಿದ್ಯಾರ್ಥಿ ದಳಗಳ ಬೆಳವಣಿಗೆಗೆ ಅನುಕೂಲವಾದ ವರದಿಯನ್ನು ಕೊಟ್ಟಿತು. ಸಮಿತಿಗಳ ವರದಿಗಳಿಗೆ ಆಗುವುದೇ ಬಹುಮಟ್ಟಿಗೆ ಅದಕ್ಕೂ ಆಯಿತೆಂದರೆ ಸಾಕು.

ಆದರೂ ದಳವು ನಿಷ್ಫಲವಾಗಲಿಲ್ಲ. ಪ್ರೊಫೆಸರರೇ ಅಧಿಕಾರಿಗಳಾಗಿ, ಹಿರಿಯ ವಿದ್ಯಾರ್ಥಿಗಳೇ ತುಕಡಿಗಳ ನಾಯಕರಾಗಿ ನಡೆಸುವ ಪದ್ಧತಿಯು ಆಗಲೇ ಬೇರೂರಿತು. ನಿನ್ನೆ ಬೆಂಚಿನ ಮೇಲೆ ಪಕ್ಕದಲ್ಲಿ ಕುಳಿತವನ ಆಜ್ಞೆಗೆ ಇಂದು ಕಾಲು ಕೂಡಿಸಿ ನಿಲ್ಲುವುದು ಸಣ್ಣ ಶಿಕ್ಷಣವಲ್ಲ; ಆಜ್ಞೆ ಕೊಟ್ಟವನು ನಾಳೆ ಮತ್ತೆ ಅದೇ ಬೆಂಚಿಗೆ ಬಂದು ಕುಳಿತುಕೊಳ್ಳುವುದು ಅದಕ್ಕಿಂತಲೂ ದೊಡ್ಡದು. ಸರಕಾರವು ತಾನು ಅರ್ಧ ಮನಸ್ಸಿನಿಂದ ಕೊಟ್ಟ ವಿದ್ಯೆಯು ಎಲ್ಲಿಗೆ ಮುಟ್ಟೀತೆಂಬುದನ್ನು ಎಣಿಸಿರಲಿಲ್ಲ. ಕಲಕತ್ತೆಯ ಅದೇ ತರುಣನು 1928ರ ಕಾಂಗ್ರೆಸ್ ಅಧಿವೇಶನದಲ್ಲಿ ಸಮವಸ್ತ್ರಧಾರಿಗಳಾದ ಸ್ವಯಂಸೇವಕರ ಮುಂದೆ ನಡೆದನು. 1943ರಲ್ಲಿ ಆಜಾದ್ ಹಿಂದ್ ಫೌಜಿನ ಮುಂದೆ ನಿಂತನು.

ಇದೇ ಕಾಲದಲ್ಲಿ ಇನ್ನೊಂದು ಬಾಗಿಲೂ ತುಸು ತೆರೆದಿತ್ತು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿದ ಕೊಡಗಿನ ಕೆ. ಎಂ. ಕಾರಿಯಪ್ಪನವರು ಇಂದೂರಿನ ಡೇಲಿ ಕಾಲೇಜಿನಲ್ಲಿ ಶಿಕ್ಷಣ ಹೊಂದಿ 1919ರಲ್ಲಿ ಅಧಿಕಾರಪದವನ್ನು ಪಡೆದರು. ಅವರೇ 1949ರ ಜನವರಿ 15ರಂದು ಸ್ವತಂತ್ರ ಭಾರತದ ಸೈನ್ಯಕ್ಕೆ ಮೊದಲ ಭಾರತೀಯ ದಂಡನಾಯಕರಾದರು.

ಎರಡನೆಯ ಮಹಾಯುದ್ಧದಲ್ಲಿ, 1942ರಲ್ಲಿ, ದಳಕ್ಕೆ ಅಧಿಕಾರಿಗಳ ಶಿಕ್ಷಣದಳವೆಂಬ ಹೊಸ ಹೆಸರಾಯಿತು. ಹೆಸರು ಬದಲಾದಷ್ಟು ಗುಣವು ಬದಲಾಗಲಿಲ್ಲ. ನಿಜವಾದ ಬದಲಾವಣೆಗೆ ಪಂಡಿತ ಹೃದಯನಾಥ ಕುಂಜ್ರೂ ಅವರು ಬೇಕಾದರು. 1946ರಲ್ಲಿ ನೇಮಕವಾದ ಅವರ ಸಮಿತಿಯು ಶಾಲೆ ಕಾಲೇಜುಗಳೆರಡರಲ್ಲಿಯೂ ಹಬ್ಬುವ ರಾಷ್ಟ್ರೀಯ ದಳವೊಂದನ್ನು ಸೂಚಿಸಿತು. 1948ರ ಕಾಯಿದೆಯಿಂದ ನ್ಯಾಷನಲ್ ಕೆಡೆಟ್ ಕೋರ್ ಹುಟ್ಟಿತು. ಮರುವರುಷವೇ ಬಾಲಿಕೆಯರ ವಿಭಾಗವು ಸೇರಿತು. ಕಿತ್ತೂರಿನ ಚೆನ್ನಮ್ಮನವರ, ಕೆಳದಿಯ ಚೆನ್ನಮ್ಮಾಜಿಯವರ ನಾಡಿನಲ್ಲಿ ಇದನ್ನು ಹೊಸದೆನ್ನಲು ನನಗೆ ಸಂಕೋಚವಾಗುತ್ತದೆ. ಆದರೂ ಕಾಲೇಜಿನ ಹೆಣ್ಣುಮಕ್ಕಳಿಗೆ ಅದು ಹೊಸದೇ ಆಗಿತ್ತು.

ಸ್ವರಾಜ್ಯದ ದಳವೂ ತಪ್ಪು ಮಾಡದೆ ಇರಲಿಲ್ಲ. 1962ರ ಚೀನೀ ಆಕ್ರಮಣದ ಆಘಾತದಲ್ಲಿ, 1963ರಿಂದ ಕಾಲೇಜಿನ ಗಂಡುಮಕ್ಕಳಿಗೆಲ್ಲ ಇದು ಕಡ್ಡಾಯವಾಯಿತು. ಸಂಖ್ಯೆಯು ಉಬ್ಬಿತು, ಮನಸ್ಸು ಉಬ್ಬಲಿಲ್ಲ. ಹಾಜರಿಗಾಗಿ ಬಂದು ನಿಂತವನಿಗೂ ಒಲಿದು ಬಂದು ನಿಂತವನಿಗೂ ಇರುವ ಅಂತರವು ಬಯಲಿನ ಅಂಚಿನಲ್ಲಿ ನಿಂತು ನೋಡಿದವರಿಗೆ ಕಾಣುವಂಥದು. ಬಲಾತ್ಕಾರದ ಕಾಯಕವು ಕಾಯಕವಲ್ಲವೆಂಬುದನ್ನು ಶರಣರ ಮಾರ್ಗದಲ್ಲಿ ನಡೆಯುವ ನಾವು ಆಗಲೇ ಹೇಳಬಹುದಾಗಿತ್ತು. ಸರಕಾರವು ಐದು ವರುಷ ಅನುಭವಿಸಿ, 1968ರಲ್ಲಿ ದಳವನ್ನು ಮತ್ತೆ ಐಚ್ಛಿಕವಾಗಿ ಮಾಡಿತು. ನಡುವೆ 1965ರಲ್ಲಿಯೂ, ಬಳಿಕ 1971ರಲ್ಲಿಯೂ ಯುದ್ಧವು ಬಂದಾಗ ದಳದ ತರುಣರು ಮದ್ದುಗುಂಡಿನ ಕಾರಖಾನೆಗಳಿಗೆ ನೆರವಾದರು, ಶತ್ರುಗಳ ಛತ್ರಿಸೈನಿಕರು ಇಳಿಯದಂತೆ ಪಹರೆ ತಿರುಗಿದರು. ಕಲಕತ್ತೆಯ ಶಿಕ್ಷಕನು ಹೇಳಿದ್ದ ಪರೀಕ್ಷೆಯ ಅಂಚಿಗಾದರೂ ವಿದ್ಯಾರ್ಥಿಯು ಆಗ ಮುಟ್ಟಿದನು.

ದಳದ ಸಂಪ್ರದಾಯಗಳಲ್ಲಿ ಹೊರಗಿನವರು ಬಲ್ಲುದು ಗಣರಾಜ್ಯ ದಿನದ ಪಥಸಂಚಲನವನ್ನು, ಅತಿಥಿಗಳಿಗೆ ಸಲ್ಲುವ ಗೌರವರಕ್ಷೆಯನ್ನು. ಒಳಗಿದ್ದವರು ನೆನೆಯುವುದು ಬೇರೆ: ರಾತ್ರಿಯೇ ಹೊಳಪಿಟ್ಟ ಬೂಟು, ಹಿತ್ತಾಳೆಯ ಬಿಲ್ಲೆಯನ್ನು ತಿಕ್ಕಿ ಕಪ್ಪಾದ ಬೆರಳು, ಮಳೆಯಲ್ಲಿ ಹಗ್ಗ ಬಿಗಿದು ಸಡಿಲಾದ ಡೇರೆ, ತಾಟನ್ನು ಹಿಡಿದು ಊಟಕ್ಕೆ ನಿಲ್ಲುವ ಸಾಲು. ಆ ಸಾಲಿನಲ್ಲಿ ಗೌಡರ ಮಗನ ಹಿಂದೆ ಕೂಲಿಯವನ ಮಗನು, ಒಮ್ಮೊಮ್ಮೆ ಅವನ ಮುಂದೆಯೂ, ನಿಲ್ಲುತ್ತಾನೆ. ಕುಲವನ್ನು ಕೇಳದೆ ಬಡಿಸುವ ಆ ಸಾಲನ್ನು ಕಂಡು ಊರಿನಿಂದ ಬಂದ ಹುಡುಗರಲ್ಲಿ ಕೆಲವರು ಮೊದಲ ದಿನ ಹಿಂಜರಿಯುವುದುಂಟು. ಮಠದ ಪಂಕ್ತಿಯಲ್ಲಿ ಉಂಡು ಬೆಳೆದ ಹುಡುಗನು ಮಾತ್ರ ತಾಟನ್ನು ಮುಂದೆ ಚಾಚುತ್ತಾನೆ.