ವಯೋಧರ್ಮವೂ ಪುರುಷರ ಹೃದಯವೂ

ಬೆಂಗಳೂರಿನಿಂದ ಹೆಬ್ಬಾಳ, ಯಲಹಂಕ, ದೇವನಹಳ್ಳಿಗಳನ್ನು ಹಾದು ಉತ್ತರಕ್ಕೆ ಸಾಗುವ ದಾರಿಯಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಹುಟ್ಟೂರಾದ ಮುದ್ದೇನಹಳ್ಳಿಗೆ ಹೋಗಬಹುದು. ನಿತ್ಯದ ನಡಿಗೆಯನ್ನು ನೇಮವಾಗಿ ಪಾಲಿಸಿದ ಆ ಮಹನೀಯರು ನೂರು ವರ್ಷ ದಾಟಿ 1962ರಲ್ಲಿ ಕಾಲವಾದರು. ಆದರೆ ಒಬ್ಬರ ಬಾಳಿನಿಂದ ದೇಹಧರ್ಮವನ್ನು ನಿರ್ಣಯಿಸಲಾಗದು. ಅದಕ್ಕೆ ಅಳತೆ ಬೇಕು.

ಅಂತಹ ಅಳತೆಯೊಂದು ಅಮೆರಿಕದ ಡಲ್ಲಾಸ್ ನಗರದಲ್ಲಿ ನಡೆಯಿತು. 1966ರಲ್ಲಿ ಅಲ್ಲಿಯ ವೈದ್ಯರು ಸುಮಾರು 20 ವರ್ಷದ ಐವರು ತರುಣರನ್ನು ಮೂರು ವಾರ ಹಾಸಿಗೆಯಲ್ಲಿಯೇ ಇರಿಸಿದರು. ಶ್ರಮಕಾಲದಲ್ಲಿ ಆಮ್ಲಜನಕವನ್ನು ಬಳಸಿಕೊಳ್ಳುವ ಅವರ ಗರಿಷ್ಠ ಶಕ್ತಿಯು ಕಾಲುಭಾಗಕ್ಕಿಂತ ಹೆಚ್ಚಾಗಿ ಕುಂದಿತು. 1996ರಲ್ಲಿ ಅದೇ ಐವರನ್ನು ಮರಳಿ ಪರೀಕ್ಷಿಸಲಾಗಿ, ಮೂವತ್ತು ವರ್ಷಗಳ ನಷ್ಟವು ಆ ಮೂರು ವಾರಗಳ ನಷ್ಟಕ್ಕಿಂತ ಕಡಮೆಯೆಂದು ಕಂಡುಬಂದಿತು. ಹೃದಯದ ಗರಿಷ್ಠ ಬಡಿತವು ತಗ್ಗಿದ್ದರೂ ಪ್ರತಿಯೊಂದು ಬಡಿತವೂ ಹೆಚ್ಚು ರಕ್ತವನ್ನು ನೂಕಿ ಆ ಕೊರತೆಯನ್ನು ತುಂಬುತ್ತಿದ್ದಿತು. ಬಳಿಕ ಆರು ತಿಂಗಳ ನಡಿಗೆ, ಓಟ, ಸೈಕಲ್ ತುಳಿತಗಳ ಅಭ್ಯಾಸದಿಂದ, ಕಳೆದುಹೋದ ಶಕ್ತಿಯು ಯೌವನದ ಮೊದಲ ಮಟ್ಟಕ್ಕೆ ಮರಳಿತು. ಈ ಲಾಭಕ್ಕೆ ಹೃದಯಕ್ಕಿಂತಲೂ, ರಕ್ತದಿಂದ ಹೆಚ್ಚು ಆಮ್ಲಜನಕವನ್ನು ಪಡೆದುಕೊಂಡ ಸ್ನಾಯುಗಳೇ ಮುಖ್ಯ ಕಾರಣವೆಂಬುದು ಗಮನಾರ್ಹ.

ಐವರ ಪರೀಕ್ಷೆಯು ಸರ್ವರಿಗೂ ಪ್ರಮಾಣವಾಗಲಾರದು. ಆದರೂ ಹೃದ್ರೋಗಿಗಳನ್ನು ವಾರಗಟ್ಟಲೆ ಮಲಗಿಸುತ್ತಿದ್ದ ಹಿಂದಿನ ಪದ್ಧತಿಯ ದೋಷವನ್ನು ಅದು ಸ್ಪಷ್ಟಪಡಿಸಿತು. ವಯಸ್ಸನ್ನು ತಡೆಯುವುದು ಮನುಷ್ಯನಿಗೆ ಸಾಧ್ಯವಿಲ್ಲ. ಆಲಸ್ಯವನ್ನು ತಡೆಯುವುದು ಸಾಧ್ಯ.