ಪಿಕಪ್ ವಾಹನಕ್ಕೆ ಟ್ರೈಲರ್ ಜೋಡಿಸಿದಾಗ ಕ್ಲಚ್ ಹಾಗೂ ಗೇರ್ ಬಾಕ್ಸ್ ತೊಂದರೆ: ಘಾಟಿ ಸುಬ್ರಹ್ಮಣ್ಯ ದನಗಳ ಜಾತ್ರೆಗೆ ಬರುವ ವಾಹನ ಮಾಲೀಕರಿಗೆ ಮಾಹಿತಿ

ದೊಡ್ಡಬಳ್ಳಾಪುರ ತಾಲ್ಲೂಕಿನ ಘಾಟಿ ಸುಬ್ರಹ್ಮಣ್ಯ ಕ್ಷೇತ್ರದಲ್ಲಿ ಪುಷ್ಯ ಮಾಸದ ಬ್ರಹ್ಮರಥೋತ್ಸವದ ಸುಮಾರಿಗೆ, ಅಂದರೆ ಡಿಸೆಂಬರ್–ಜನವರಿ ಅವಧಿಯಲ್ಲಿ, ದನಗಳ ಜಾತ್ರೆ ಸೇರುವುದು ವಾಡಿಕೆ. ಹಿಂದೆ ರಾಸುಗಳನ್ನು ನಡೆಸಿಕೊಂಡು ಬರುತ್ತಿದ್ದ ರೈತರು ಈಗ ಹೆಚ್ಚಾಗಿ ಸರಕು ವಾಹನಗಳನ್ನು ಅವಲಂಬಿಸಿದ್ದಾರೆ. ಕೇಂದ್ರ ಮೋಟಾರು ವಾಹನಗಳ ನಿಯಮಗಳು, 1989ರ ನಿಯಮ 125-ಇ ಪ್ರಕಾರ ವಾಹನದಲ್ಲಿ ಪ್ರತಿ ಹಸು ಅಥವಾ ಎಮ್ಮೆಗೆ 2 ಚದರ ಮೀಟರ್ ಸ್ಥಳಾವಕಾಶವಿರತಕ್ಕದ್ದು. ಎಂಟೂವರೆ ಅಡಿ ಉದ್ದ, ಐದೂವರೆ ಅಡಿ ಅಗಲದ ಪಿಕಪ್‌ನಲ್ಲಿ ಈ ಲೆಕ್ಕಕ್ಕೆ ಎರಡೇ ರಾಸುಗಳು ಹಿಡಿಯುತ್ತವೆ. ಮಿಕ್ಕ ರಾಸುಗಳಿಗಾಗಿ ಹಿಂದೆ ಟ್ರೈಲರ್ ಕಟ್ಟುವ ಯೋಚನೆ ಇಲ್ಲಿಂದಲೇ ಹುಟ್ಟುತ್ತದೆ.

ತೊಂದರೆ ಏಕೆ ಉಂಟಾಗುತ್ತದೆ

ಸಮತಟ್ಟಾದ ರಸ್ತೆಯಲ್ಲಿ ಟ್ರೈಲರ್ ಎಳೆಯುವುದು ಸುಲಭವೆನಿಸಿದರೂ ಮಾಕಳಿದುರ್ಗದ ಸುತ್ತಲಿನ ಗುಡ್ಡಗಾಡು ರಸ್ತೆಗಳ ಏರಿನಲ್ಲಿ ಲೆಕ್ಕ ಬದಲಾಗುತ್ತದೆ. 15ಕ್ಕೆ 1ರ ಏರಿನಲ್ಲಿ 3 ಟನ್ ತೂಕದ ವಾಹನವು ಏರಿಗಾಗಿಯೇ ಸುಮಾರು 200 ಕೆ.ಜಿ.ಯಷ್ಟು ಹೆಚ್ಚುವರಿ ಎಳೆತವನ್ನು ನೀಡಬೇಕಾಗುತ್ತದೆ. ಒಂದೂವರೆ ಟನ್ನಿನ ಟ್ರೈಲರ್ ಸೇರಿದರೆ ಇದು 300 ಕೆ.ಜಿ. ಆಗುತ್ತದೆ. ಎಂಜಿನ್ ಈ ಭಾರವನ್ನು ತಡೆದರೂ, ಏರಿನಲ್ಲಿ ನಿಂತು ಹೊರಡುವಾಗ ಚಾಲಕರು ಹಾಫ್ ಕ್ಲಚ್‌ನಲ್ಲಿ ವಾಹನವನ್ನು ಹಿಡಿದು ನಿಲ್ಲಿಸುವುದರಿಂದ ಕ್ಲಚ್ ಪ್ಲೇಟಿನ ಲೈನಿಂಗ್ ಕಾದು ಸವೆಯುತ್ತದೆ. ಜಾತ್ರೆಯ ದಟ್ಟಣೆಯಲ್ಲಿ ಹೀಗೆ ಹತ್ತಾರು ಬಾರಿ ನಿಂತು ಹೊರಡಬೇಕಾಗುವುದು ಸಾಮಾನ್ಯ. ಹ್ಯಾಂಡ್ ಬ್ರೇಕ್ ಹಾಕಿ ನಿಲ್ಲಿಸಿ, ಒಂದನೇ ಗೇರಿನಲ್ಲಿಯೇ ಹೊರಡುವುದು ಸೂಕ್ತ.

ಎಂಜಿನ್ ಶಬ್ದ ಏರಿದರೂ ವೇಗ ಏರದಿರುವುದು ಮತ್ತು ಸುಟ್ಟ ವಾಸನೆ ಬರುವುದು ಕ್ಲಚ್ ಜಾರುತ್ತಿರುವುದರ ಲಕ್ಷಣ. ಇಳಿಜಾರಿನಲ್ಲಿ ಗೇರ್ ತಾನಾಗಿ ನ್ಯೂಟ್ರಲ್‌ಗೆ ಜಿಗಿಯುವುದು ಇದಕ್ಕಿಂತ ಅಪಾಯಕರ, ಏಕೆಂದರೆ ಆಗ ಎಂಜಿನ್ನಿನ ತಡೆ ತಪ್ಪಿ ಸಂಪೂರ್ಣ ಭಾರ ಬ್ರೇಕಿನ ಮೇಲೆ ಬೀಳುತ್ತದೆ. ಕೃಷಿ ಟ್ರ್ಯಾಕ್ಟರಿನ ಟ್ರೈಲರನ್ನೇ ಪಿಕಪ್‌ಗೆ ಸಿಕ್ಕಿಸುವುದು ಸರ್ವಥಾ ಸಲ್ಲದು. ಅದು ಟ್ರ್ಯಾಕ್ಟರಿನ ನಿಧಾನ ಗತಿಗೆ ರೂಪಿಸಿದ್ದು. ಅಂತಹ ಅನೇಕ ಟ್ರೈಲರುಗಳಿಗೆ ಸ್ವಂತ ಬ್ರೇಕ್ ಸಹ ಇರುವುದಿಲ್ಲ.

ಮಾರ್ಗಮಧ್ಯೆ ವಾಹನ ನಿಂತಲ್ಲಿ

ಗೇರಿನಲ್ಲಿಟ್ಟು ನಿಲ್ಲಿಸಿದರೆ ಸಾಕೆಂದು ಭಾವಿಸತಕ್ಕದ್ದಲ್ಲ. ಕ್ಲಚ್ ಅಥವಾ ಗೇರ್ ಬಾಕ್ಸ್ ಕೆಟ್ಟಿರುವಾಗ ಅದು ಹಿಡಿಯುವ ಖಾತರಿಯಿಲ್ಲ. ಹ್ಯಾಂಡ್ ಬ್ರೇಕ್ ಹಾಕಿ, ಪಿಕಪ್ ಮತ್ತು ಟ್ರೈಲರ್ ಎರಡರ ಚಕ್ರಗಳಿಗೂ ಕಲ್ಲು ಕೊಡಬೇಕು. (ಹೊರಡುವಾಗ ಸದರಿ ಕಲ್ಲುಗಳನ್ನು ರಸ್ತೆಯಿಂದ ತೆಗೆಯುವುದನ್ನು ಹಲವರು ಮರೆಯುತ್ತಾರೆ, ರಾತ್ರಿ ವೇಳೆ ದ್ವಿಚಕ್ರ ವಾಹನ ಸವಾರರಿಗೆ ಇವು ಅಪಾಯಕಾರಿ.) ಎಚ್ಚರಿಕೆಯ ದೀಪ ಹಾಗೂ ಪ್ರತಿಫಲಕ ತ್ರಿಕೋನವನ್ನು ಬಳಸಬೇಕು. ರಾಸುಗಳು ಒಳಗಿರುವಾಗ ಟ್ರೈಲರಿನ ಕೊಂಡಿಯನ್ನು ಕಳಚಬಾರದು. ಒಂದೇ ಅಚ್ಚಿನ ಟ್ರೈಲರ್ ಆದಲ್ಲಿ ಅದು ಹಿಂದಕ್ಕೆ ಮಗುಚಿ ರಾಸುಗಳ ಕಾಲು ಮುರಿಯುವ ಸಂಭವವಿದೆ. ತುರ್ತು ನೆರವಿಗೆ 112ಕ್ಕೆ ಕರೆ ಮಾಡಬಹುದು.

ಕೆಟ್ಟ ಪಿಕಪ್‌ನ್ನು ಬೇರೆ ವಾಹನದಿಂದ ಎಳೆಸುವಾಗ ಎರಡರ ನಡುವಿನ ಅಂತರ 5 ಮೀಟರ್ ಮೀರಬಾರದು, ವೇಗ ಗಂಟೆಗೆ 25 ಕಿ.ಮೀ. ಮೀರಬಾರದು. ಹಿಂದಿನ ಚಕ್ರಗಳು ನೆಲದ ಮೇಲೆ ಉರುಳಿದರೆ ಪ್ರೊಪೆಲ್ಲರ್ ಶಾಫ್ಟ್ ಮೂಲಕ ಗೇರ್ ಬಾಕ್ಸಿನ ಭಾಗಗಳೂ ತಿರುಗಿ, ಇದ್ದ ದೋಷ ದುಪ್ಪಟ್ಟಾಗುತ್ತದೆ. ಆದುದರಿಂದ ಶಾಫ್ಟ್ ಬಿಚ್ಚಿಸಿ, ಇಲ್ಲವೇ ಹಿಂದಿನ ಚಕ್ರಗಳನ್ನು ಮೇಲೆತ್ತಿ ಸಾಗಿಸುವುದು ಉತ್ತಮ.

ನೋಂದಣಿ ಹಾಗೂ ದಂಡ

ಮೋಟಾರು ವಾಹನಗಳ ಅಧಿನಿಯಮ, 1988ರ ಕಲಂ 61ರಂತೆ ಟ್ರೈಲರಿಗೂ ಇತರ ವಾಹನಗಳಂತೆಯೇ ಪ್ರತ್ಯೇಕ ನೋಂದಣಿ ಕಡ್ಡಾಯ. ಟ್ರೈಲರಿನ ಸ್ವಂತ ನೋಂದಣಿ ಸಂಖ್ಯೆ ಅದರ ಪಕ್ಕದಲ್ಲಿ ಇರಬೇಕು. ಜೊತೆಗೆ ಅದನ್ನು ಎಳೆಯುವ ವಾಹನದ ಸಂಖ್ಯೆಯನ್ನೂ ಟ್ರೈಲರಿನ ಮೇಲೆ ಪ್ರದರ್ಶಿಸಬೇಕು. ಎರಡನೆಯದು ಬಹುತೇಕ ಮಾಲೀಕರಿಗೆ ತಿಳಿದಿರುವುದಿಲ್ಲ. ಗ್ಯಾರೇಜಿನಲ್ಲಿ ಬೆಸುಗೆ ಹಾಕಿಸಿದ ಕೊಂಡಿ ತಯಾರಕರ ಮೂಲ ವಿವರಗಳಿಗೆ ಭಿನ್ನವಾಗಿದ್ದಲ್ಲಿ ಕಲಂ 52ರ ಅಡಿ ಆಕ್ಷೇಪಣೆಗೆ ಒಳಗಾಗುತ್ತದೆ. ನೋಂದಣಿ ಪತ್ರದಲ್ಲಿ ನಮೂದಾದ ಒಟ್ಟು ತೂಕ ಮೀರಿದಲ್ಲಿ, 2019ರ ತಿದ್ದುಪಡಿಯ ನಂತರದ ಕಲಂ 194ರಂತೆ ರೂ. 20,000 ಹಾಗೂ ಪ್ರತಿ ಹೆಚ್ಚುವರಿ ಟನ್ನಿಗೆ ರೂ. 2,000 ದಂಡವಿದ್ದು, ಹೆಚ್ಚುವರಿ ಭಾರವನ್ನು ಇಳಿಸುವವರೆಗೆ ವಾಹನವನ್ನು ಮುಂದೆ ಸಾಗಲು ಬಿಡುವುದಿಲ್ಲ. ಜಾತ್ರೆಯ ಹಾದಿಯಲ್ಲಿ ಇಳಿಸಿದ ರಾಸುಗಳಿಗೆ ನೆರಳು–ನೀರು ಹುಡುಕುವ ಹೊಣೆ ಮಾಲೀಕರದೇ. ಎರಡು ಸರದಿಯಲ್ಲಿ ತರುವ ಬಾಡಿಗೆ ಇದಕ್ಕಿಂತ ಕಡಿಮೆ.

ಟ್ರೈಲರ್ ನೋಂದಣಿಗೆ ನಮೂನೆ 20ರಲ್ಲಿ ಅರ್ಜಿ, ಮಾರಾಟ ಪತ್ರ (ನಮೂನೆ 21), ತಯಾರಕರ ಪ್ರಮಾಣಪತ್ರ (ನಮೂನೆ 22), ವಿಮಾ ಪತ್ರ ಹಾಗೂ ವಿಳಾಸದ ದಾಖಲೆ ಅಗತ್ಯ. ದೊಡ್ಡಬಳ್ಳಾಪುರ ತಾಲ್ಲೂಕಿನವರು ದೇವನಹಳ್ಳಿಯ ಪ್ರಾದೇಶಿಕ ಸಾರಿಗೆ ಕಚೇರಿಯನ್ನು (ಕೆಎ-43) ಸಂಪರ್ಕಿಸತಕ್ಕದ್ದು. ಟ್ರೈಲರ್ ಖರೀದಿಸುವ ಮುನ್ನವೇ, ತಮ್ಮ ಪಿಕಪ್ ಎಷ್ಟು ತೂಕ ಎಳೆಯಲು ಅನುಮೋದಿತವಾಗಿದೆ ಎಂಬುದನ್ನು ತಯಾರಕರ ಕೈಪಿಡಿಯಲ್ಲಿ ನೋಡಿಕೊಂಡು ಬರುವಂತೆ ಕೋರಲಾಗಿದೆ.