ಪಹಣಿಯಲ್ಲಿಲ್ಲದ ಹೆಸರು

ಕುರುಗೋಡಿನಲ್ಲಿರುವ ನಮ್ಮಕ್ಕ ಕಳೆದ ಸಲ ಬಳ್ಳಾರಿಗೆ ಬಂದಾಗ, ಚೀಲದಿಂದ ಒಣಮೆಣಸಿನಕಾಯಿ ತೆಗೆದುಕೊಟ್ಟು, ಅದರಡಿಯಿಂದ ಒಂದು ಕಾಗದದ ಕಟ್ಟನ್ನೂ ತೆಗೆದಳು. ಭಾವನ ಮರಣ ಪತ್ರ, ವಂಶವೃಕ್ಷ, ಆಧಾರ್, ಬ್ಯಾಂಕಿನ ಪುಸ್ತಕ. "ಅವರು ಹೋದ ಮೇಲೆ ಆ ಎರಡು ಸಾವಿರ ನಿಂತೈತೆ. ಹೊಲ ನನ್ನ ಹೆಸರಿಗೆ ಆಗೋವರೆಗೂ ಬರಂಗಿಲ್ಲಂತೆ" ಎಂದಳು.

ಅವಳು ಹೇಳಿದ್ದು ಕಿಸಾನ್ ಸಮ್ಮಾನ್ ಹಣದ ಮಾತು. 2019ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಈ ಯೋಜನೆಯಲ್ಲಿ ರೈತ ಕುಟುಂಬಕ್ಕೆ ವರ್ಷಕ್ಕೆ 6,000 ರೂಪಾಯಿ, ಮೂರು ಕಂತುಗಳಲ್ಲಿ ನೇರ ಬ್ಯಾಂಕಿಗೆ. ನಮ್ಮ ರಾಜ್ಯ ಸರ್ಕಾರವೂ ಕೆಲವು ವರ್ಷ 4,000 ಸೇರಿಸಿ ಕೊಟ್ಟಿತು. ಗಂಡ, ಹೆಂಡತಿ, ಚಿಕ್ಕ ಮಕ್ಕಳು ಸೇರಿ ಒಂದು ಕುಟುಂಬ. ಹಣ ಮಾತ್ರ ಯಾರ ಹೆಸರಲ್ಲಿ ಜಮೀನಿದೆಯೋ ಅವರಿಗೆ. ಆ ಹೆಸರು ಹೆಚ್ಚಾಗಿ ಗಂಡಸಿನದೇ.

ಈ ಹೆಸರಿನ ಕತೆ ನಮ್ಮ ಸೀಮೆಯಲ್ಲಿ ಹಳೆಯದು. 1800ರಲ್ಲಿ ನಿಜಾಮರು ಬಳ್ಳಾರಿ ಸೀಮೆಯನ್ನು ಕುಂಪಣಿಗೆ ಬಿಟ್ಟುಕೊಟ್ಟರು. ಅದಕ್ಕೇ ಇದು ದತ್ತ ಮಂಡಲವಾಯಿತು. ಕಲೆಕ್ಟರಾಗಿ ಬಂದ ಥಾಮಸ್ ಮನ್ರೋ 1807ರವರೆಗೆ ಇಲ್ಲಿದ್ದು, ಒಬ್ಬೊಬ್ಬ ರೈತನೊಡನೆಯೂ ನೇರವಾಗಿ ಕಂದಾಯ ಗೊತ್ತುಮಾಡುವ ರೈತವಾರಿ ಪದ್ಧತಿಯನ್ನು ಬೆಳೆಸಿದ. ಬೀಜಕ್ಕೆ, ಎತ್ತಿಗೆ ತಕಾವಿ ಎಂಬ ಮುಂಗಡ ಸಾಲವೂ ಇತ್ತು. ಕಂದಾಯ ಕಟ್ಟುವವನ ಹೆಸರು ಪುಸ್ತಕಕ್ಕೆ ಏರಿತು. ಅವನ ಜೊತೆ ಕಳೆ ಕಿತ್ತವಳ ಹೆಸರು ಏರಲಿಲ್ಲ.

1876-78ರ ಭೀಕರ ಬರದಲ್ಲಿ ಬಳ್ಳಾರಿ ತತ್ತರಿಸಿತು. ಸರ್ಕಾರದ ಪರಿಹಾರ ಕಾಮಗಾರಿಗಳಲ್ಲಿ ಕೂಲಿಯನ್ನು 1877ರಲ್ಲಿ ಇಳಿಸಿ, ಗಂಡಸಿಗೆ ದಿನಕ್ಕೆ ಅರ್ಧ ಸೇರಿನಷ್ಟು ಧಾನ್ಯ ಮತ್ತು ಒಂದಿಷ್ಟು ಕಾಸು ಎಂದರು. ಹೆಂಗಸಿಗೆ ಅದಕ್ಕಿಂತಲೂ ಕಡಿಮೆ. ಕಲ್ಲು ಹೊತ್ತ ತಲೆ ಒಂದೇ ರೀತಿ ನೋಯುತ್ತದೆಂಬುದು ಆಗ ಯಾರಿಗೂ ತೋಚಿದಂತಿಲ್ಲ.

1953ರಲ್ಲಿ ತುಂಗಭದ್ರೆಯ ನೀರು ಕಾಲುವೆಗೆ ಬಂತು. ಅದೇ ವರ್ಷ ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು. ನನ್ನ ತವರು ಸಿರುಗುಪ್ಪ ನೆಲ್ಲಿನ ಊರಾಯಿತು. ಗೊಬ್ಬರಕ್ಕೆ ಸಹಾಯಧನ, ನೆಲ್ಲಿಗೆ ಬೆಂಬಲ ಬೆಲೆ, 1990ರಲ್ಲಿ ಮತ್ತು 2008ರಲ್ಲಿ ಸಾಲ ಮನ್ನಾ, ಹೀಗೆ ಸರ್ಕಾರದ ಕೈ ನಮ್ಮ ಹೊಲದವರೆಗೂ ಚಾಚಿತು. ಸಾಲು ಹಿಡಿದು ಮೊಣಕಾಲುದ್ದ ಕೆಸರಿನಲ್ಲಿ ನಾಟಿ ಮಾಡಿದವರು ಅವ್ವ, ಚಿಗವ್ವ, ಕೂಲಿಗೆ ಬಂದ ಹೆಂಗಸರು. ಸಾಲ ಮನ್ನಾ ಆದದ್ದು ಅಪ್ಪನ ಹೆಸರಿನಲ್ಲಿ. ಅವ್ವ ಆಗ ದೇವರಿಗೆ ಕಾಯಿ ಒಡೆಸಿದಳು, ಅಷ್ಟೇ ಅವಳ ಪಾಲು.

ಇಷ್ಟು ಹೇಳಿ ನಾನು ಸುಮ್ಮನಾದರೆ ಸುಳ್ಳಾದೀತು. ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲೆಂದು ಕರ್ನಾಟಕ 1994ರಲ್ಲಿ ಕಾಯ್ದೆ ತಂದಿತು. 2005ರಲ್ಲಿ ದೇಶಕ್ಕೆಲ್ಲ ಆಯಿತು. ಅಪ್ಪ ತೀರಿದ ಮೇಲೆ ಅಣ್ಣ ಒಂದು ಕಾಗದ ತಂದ. ಹಕ್ಕು ಬಿಡುಗಡೆ ಪತ್ರ. ಓದಿ ಕಲಿತು ಪಟ್ಟಣದಲ್ಲಿರುವ ನಾನು, ತವರು ಕೆಡಬಾರದೆಂದು ಮಾತಿಲ್ಲದೆ ಸಹಿ ಹಾಕಿದೆ. ಅಕ್ಕನೂ ಹಾಕಿದಳು. ಗೌರಿ ಹಬ್ಬಕ್ಕೆ ಅಣ್ಣ ಸೀರೆ ಕಳಿಸುತ್ತಾನೆ. ನಮಗದೇ ಹೆಚ್ಚಾಗಿ ಕಂಡಿತ್ತು.

ಈಗ ಅಕ್ಕನ ಕಾಗದಗಳನ್ನು ಒಂದೊಂದಾಗಿ ಜೋಡಿಸಿದೆ. ಹೊಲ ಇನ್ನೂ ತೀರಿದ ಮಾವನವರ ಹೆಸರಿನಿಂದ ಪೂರ್ತಿ ಇಳಿದಿರಲಿಲ್ಲ. ಪೌತಿ ಖಾತೆಗೆ ಮೈದುನಂದಿರ ಒಪ್ಪಿಗೆ ಬೇಕು. ಒಬ್ಬ ಒಪ್ಪಿದ್ದಾನೆ, ಇನ್ನೊಬ್ಬ "ನೋಡೋಣ ಅತ್ತಿಗೆ" ಅನ್ನುತ್ತಾನೆ. ಅಷ್ಟರಲ್ಲಿ ಹತ್ತಿ ಬಿಡಿಸುವ ಕಾಲ. ಬಿಡಿಸುವವಳು ಅವಳೇ.

"ಎರಡು ಸಾವಿರಕ್ಕೆ ಇಷ್ಟು ಅಲೆಯಬೇಕೇನಕ್ಕಾ?" ಎಂದು ಬಾಯಿ ತಪ್ಪಿ ಕೇಳಿದೆ. ಅವಳು ಕಟ್ಟಿಗೆ ದಾರ ಬಿಗಿಯುತ್ತ ಅಂದಳು: "ರೊಕ್ಕ ಹೋಗ್ಲಿ ಬಿಡು. ಇಪ್ಪತ್ತೆಂಟು ವರ್ಷ ದುಡಿದೀನಿ. ಆ ಹೊಲಕ್ಕೆ ನನ್ನ ಹೆಸರು ಗೊತ್ತಾಗ್ಲಿ ಅಂತ."

ಸಂಜೆಯ ಬಸ್ಸಿಗೆ ಅವಳನ್ನು ಹತ್ತಿಸಿ ಬಂದೆ. ಮುಂದಿನ ವಾರ ಆ ಮೈದುನನ ಮನೆಗೆ ನಾನೂ ಅವಳ ಜೊತೆ ಹೋಗುತ್ತೇನೆ.